ತಾಳವಾಡಿಯ ಹಿತ್ತಲಲ್ಲಿ ಮುಂಚಿನ ಬೀನ್ಸ್: ಬಿತ್ತನೆಯಿಂದ ಮೊದಲ ಕೊಯ್ಲಿನವರೆಗೆ

ಹಗಲಿನ ಬಿಸಿ 30 ಡಿಗ್ರಿ ದಾಟಿದ ಮೇಲೆ ಬೀನ್ಸ್ ಗಿಡ ಹೂ ಉದುರಿಸತೊಡಗುತ್ತದೆ. ಆದ್ದರಿಂದ ಏಪ್ರಿಲ್ ಬಿಸಿಲು ಏರುವುದರೊಳಗೆ ಕಾಯಿ ಕಚ್ಚಲೆಂದು ಈ ಸಲ ಜನವರಿ ಕೊನೆಯ ವಾರದಲ್ಲೇ ಬಿತ್ತಿದೆವು. ತಾಳವಾಡಿಯಂಥ ಎತ್ತರದ ಊರಿನಲ್ಲಿ ಸಂಕ್ರಾಂತಿಯ ಆಸುಪಾಸಿನ ರಾತ್ರಿಗಳು ತಣ್ಣಗಿರುತ್ತವೆ. ಮಣ್ಣು 15 ಡಿಗ್ರಿಗಿಂತ ಕೆಳಗಿದ್ದರೆ ಬೀಜ ಮೊಳೆಯಲು ತಡವಾಗಿ, ಎಷ್ಟೋ ಸಲ ಒಳಗೇ ಕೊಳೆಯುತ್ತದೆ. ಹೀಗಾಗಿ ಬೆಳಗಿನ ಹೊತ್ತು ಏರುಮಡಿಯಲ್ಲಿ ಥರ್ಮಾಮೀಟರ್ ಊರಿ, 18 ಡಿಗ್ರಿ ತೋರಿಸುವವರೆಗೂ ಕಾದೆವು.

ಚಾಮರಾಜನಗರದಿಂದ ತಂದ ಬೀಜ ಅರ್ಕಾ ಸುವಿಧಾ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ, ನಾರಿಲ್ಲದ ಗಿಡಬೀನ್ಸ್ ತಳಿ. ಇದಕ್ಕೆ ಚಪ್ಪರ ಬೇಕಿಲ್ಲ. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಬಿಟ್ಟು, 3 ಸೆಂಟಿಮೀಟರ್ ಆಳದಲ್ಲಿ ಬೀಜ ಊರಿದೆವು. ಬೀಜವನ್ನು ನೆನೆಸಲಿಲ್ಲ, ಬೀನ್ಸ್ ಬೀಜ ಒಮ್ಮೆಲೇ ನೀರು ಹೀರಿಕೊಂಡರೆ ಬೇಳೆ ಬಿರಿದು ಮೊಳಕೆ ಹಾಳಾಗುತ್ತದೆ. ದ್ವಿದಳ ಜಾತಿಯಾದರೂ ಗಾಳಿಯ ಸಾರಜನಕವನ್ನು ಹಿಡಿದಿಡುವುದರಲ್ಲಿ ಬೀನ್ಸ್ ಅಲಸಂದೆಯಷ್ಟು ಗಟ್ಟಿಯಲ್ಲ, ಆದ್ದರಿಂದ ಕಳಿತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿಯೇ ಹಾಕಿದೆವು.

ಮೊಳಕೆಯೊಡೆಯುವ ಹಂತವೇ ಎಲ್ಲಕ್ಕಿಂತ ನಾಜೂಕಾದದ್ದು. ಸಸಿ ಮೊದಲು ಬಾಗಿದ ಕತ್ತನ್ನು ಹೊರಹಾಕಿ, ಆಮೇಲೆ ಎರಡೂ ಬೇಳೆಗಳನ್ನು ಮಣ್ಣಿನಿಂದ ಮೇಲಕ್ಕೆಳೆದುಕೊಳ್ಳುತ್ತದೆ. ನಮ್ಮ ಕೆಮ್ಮಣ್ಣು ನೀರು ಬಿದ್ದು ಒಣಗಿದರೆ ಹೆಪ್ಪುಗಟ್ಟುವುದರಿಂದ, ಆ ಕತ್ತು ಅಲ್ಲೇ ಮುರಿದುಹೋಗುವ ಅಪಾಯವಿತ್ತು. ಸಾಲುಗಳ ಮೇಲೆ ತೆಳ್ಳಗೆ ಪುಡಿಗೊಬ್ಬರ ಉದುರಿಸಿ, ಪೂವಾಳಿಯಿಂದ (ಸಣ್ಣ ತೂತುಗಳ ಮೂತಿಯ ನೀರಿನ ಡಬ್ಬಿ) ಮಾತ್ರ ನೀರು ಚಿಮುಕಿಸಿದ್ದು ಫಲ ಕೊಟ್ಟಿತು.

ಫೆಬ್ರವರಿಯಲ್ಲಿ ಕೆಲವು ಸಸಿಗಳು ಹಳದಿಯಾಗಿ ಬಾಡಿದವು. ಒಂದನ್ನು ಕಿತ್ತು ಬುಡವನ್ನು ಸೀಳಿದಾಗ, ಊದಿಕೊಂಡ ಸಿಪ್ಪೆಯ ಕೆಳಗೆ ಕಾಂಡ ನೊಣವೆಂಬ ಕೀಟದ ಕಂದು ಬಣ್ಣದ ಸಣ್ಣ ಕೋಶಗಳು (ಪ್ಯೂಪಾ) ಸಾಲಾಗಿ ಕಂಡವು. ಬಾಡಿದ ಸಸಿಗಳನ್ನೆಲ್ಲ ಕಿತ್ತು ಸುಟ್ಟು, ಉಳಿದವಕ್ಕೆ ಬೇಳೆಯ ಗಂಟಿನವರೆಗೂ ಮಣ್ಣು ಏರಿಸಿದೆವು. ಹೀಗೆ ಏರಿಸಿದರೆ ಗಾಯದ ಮೇಲ್ಭಾಗದಿಂದ ಹೊಸ ಬೇರು ಬಂದು ಗಿಡ ಚೇತರಿಸಿಕೊಳ್ಳುತ್ತದೆ. ಬಹುಪಾಲು ಗಿಡಗಳು ಉಳಿದುಕೊಂಡವು.

ಮಾರ್ಚ್ ಮೊದಲಲ್ಲಿ ಹೂ, ಮೂರನೆಯ ವಾರದಲ್ಲಿ ಮೊದಲ ಕೊಯ್ಲು. ಒಳಗಿನ ಕಾಳು ಉಬ್ಬುವ ಮೊದಲು, ಮುರಿದಾಗ ಚಟ್ಟನೆ ತುಂಡಾಗುವ ಕಾಯಿಯನ್ನೇ ಮೂರು ನಾಲ್ಕು ದಿನಕ್ಕೊಮ್ಮೆ ಬಿಡಿಸುತ್ತಿದ್ದೇವೆ. ಬಲಿಯಲು ಬಿಟ್ಟರೆ ಹೊಸ ಹೂವು ಬಿಡುವುದು ನಿಲ್ಲುತ್ತದೆ. ಬೀನ್ಸ್ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದಿಂದಲೇ ಕಾಯಿ ಕಟ್ಟುವ, ಬೇರೆ ತಳಿಯೊಡನೆ ಅಷ್ಟಾಗಿ ಬೆರೆಯದ ಬೆಳೆಯಾದ್ದರಿಂದ, ರೋಗ ತಾಗದ ಕೆಲವು ಗಿಡಗಳನ್ನು ಮುಂದಿನ ಬಿತ್ತನೆಯ ಬೀಜಕ್ಕೆಂದು ಗುರುತಿಟ್ಟು ಕೊಯ್ಯದೆ ಬಿಟ್ಟಿದ್ದೇವೆ.