ಸೋಪು ಹೋಯ್ತು, ಆಸಿಡ್ ಬಂತು

ಕೊನೆಗೂ ನನ್ನ ಬಯೋಡೀಸೆಲ್‌ನಿಂದ ಸೋಪು ತೆಗೆಯುವ ಕಾಲಂ (ರೆಸಿನ್ ಮಣಿ ತುಂಬಿದ ಕೊಳವೆ) ದಾರಿಗೆ ಬಂತು! ಈ ಬ್ಯಾಚಿನ ಆಸಿಡ್ ವ್ಯಾಲ್ಯೂ, ಅಂದರೆ ಡೀಸೆಲ್‌ನಲ್ಲಿ ಉಳಿದ ಆಸಿಡ್‌ನ ಅಳತೆ, 0.34. ಬಯೋಡೀಸೆಲ್‌ನ ಭಾರತೀಯ ಮಾನಕ ಐಎಸ್ 15607 ಪ್ರಕಾರ 0.50 ದಾಟಬಾರದು. ಅದರೊಳಗೆ ಬರಲು ಇಡೀ ಮಳೆಗಾಲ ಗುದ್ದಾಡಿದ್ದೇನೆ.

ಎಣ್ಣೆ ಎಂದಿನಂತೆ ಬಸವನಗುಡಿಯ ಬೋಂಡಾ ಅಂಗಡಿಯದ್ದು. ಮೆಥನಾಲ್ ಜೊತೆ ರಿಯಾಕ್ಷನ್, ತಳಕ್ಕೆ ಕೂರುವ ಗ್ಲಿಸರಿನ್ ಇಳಿಸೋದು ಎಲ್ಲ ಮಾಮೂಲಿ. ಇದರಲ್ಲಿ ಹುಟ್ಟುವ ಸೋಪನ್ನು ನೀರಲ್ಲಿ ತೊಳೆಯುವ ಯೋಚನೆಯೇ ಇಲ್ಲ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸಿ, ಆ ನೀರನ್ನು ಸೋಪು ಮಾಡಿ ಚರಂಡಿಗೆ ಬಿಡೋದು ನನಗೆ ಒಪ್ಪೋದಿಲ್ಲ.

ಅದಕ್ಕೇ ರೆಸಿನ್, ಅಂದರೆ ಸೋಪಿನ ಸೋಡಿಯಂ ಹಿಡಿಯುವ ಸಣ್ಣ ಮಣಿಗಳು. ಹೈಡ್ರೋಜನ್ ಫಾರ್ಮ್, ಒಣಗಿದ್ದೇ ಬೇಕು ಅಂತ ಒತ್ತಿ ಹೇಳಿದರೂ ಸಪ್ಲೈಯರ್ ಕಳಿಸಿದ್ದು ವಾಟರ್ ಸಾಫ್ಟ್‌ನರ್‌ಗೆ ಹಾಕುವ ಸೋಡಿಯಂ ಫಾರ್ಮ್, ಅದೂ ಒದ್ದೆ. ‘ರೆಸಿನ್ ಎಲ್ಲ ಒಂದೇ ಸಾರ್’ ಅಂತಾರೆ. ಮಣಿಯಲ್ಲಿ ಆಗಲೇ ಸೋಡಿಯಂ ಕೂತಿದ್ದರೆ ಸೋಪಿನ ಸೋಡಿಯಂಗೆ ಜಾಗ ಎಲ್ಲಿದೆ? ಜಗಳ ಆಡಿಯೇ ಬದಲಾಯಿಸಿದೆ.

ಸರಿಯಾದ ರೆಸಿನ್ ಬಂದ ಮೇಲೆ ಸೋಪು ಟೈಟ್ರೇಷನ್ (ಆಸಿಡ್ ಹನಿಸಿ ಸೋಪು ಎಷ್ಟಿದೆ ಅಂತ ಅಳೆಯೋದು) ನೋಡಲು ಖುಷಿ. ಬ್ರೋಮೋಫಿನಾಲ್ ಬ್ಲೂ ಹಾಕಿದ ಸ್ಯಾಂಪಲ್‌ಗೆ 0.01 ನಾರ್ಮಲ್ (ತೀರಾ ತೆಳು) ಆಸಿಡ್ ಒಂದು ಹನಿ ಬಿದ್ದರೆ ಸಾಕು, ನೀಲಿ ಹೋಗಿ ಹಳದಿ, ಅಂದರೆ ಸೋಪು ಹೆಚ್ಚೂಕಮ್ಮಿ ಇಲ್ಲ. ಆದರೆ ಅದೇ ಸ್ಯಾಂಪಲ್‌ನ ಆಸಿಡ್ ವ್ಯಾಲ್ಯೂ 0.64! ಕಾಲಂಗೆ ಹೋಗುವ ಮುಂಚೆ 0.27 ಇತ್ತು.

ರೆಸಿನ್ ಸೋಪನ್ನು ನುಂಗಿಬಿಡೋದಿಲ್ಲ. ಸೋಡಿಯಂ ಹಿಡಿದುಕೊಂಡು ಹೈಡ್ರೋಜನ್ ಕೊಡುತ್ತದೆ. ಉಳಿಯೋದು ಫ್ಯಾಟಿ ಆಸಿಡ್, ಅದು ಡೀಸೆಲ್‌ನಲ್ಲೇ ಕರಗಿರುತ್ತದೆ. ಲೆಕ್ಕ ಹಾಕಿ: 1000 ಪಿಪಿಎಂ (ಕೆಜಿಗೆ ಒಂದು ಗ್ರಾಂ) ಸೋಪು ಹೀಗೆ ಬದಲಾದರೆ ಆಸಿಡ್ ವ್ಯಾಲ್ಯೂ ಸುಮಾರು 0.18 ಏರುತ್ತದೆ. ನನ್ನ ಕಾಲಂಗೆ ಹೋಗುತ್ತಿದ್ದದ್ದು 2000. ರೆಸಿನ್ ತನ್ನ ಕೆಲಸ ಸರಿಯಾಗೇ ಮಾಡಿತ್ತು, ಅಲ್ವಾ? ಸೋಪು ಅದರ ಬಾಗಿಲಿಗೆ ಬರೋ ಮುಂಚೆಯೇ ಕಮ್ಮಿ ಆಗಬೇಕಿತ್ತು.

ದಾರಿ ಸಿಕ್ಕಿದ್ದು ಮೆಥನಾಲ್‌ನಲ್ಲಿ. ಸೋಪು ಡೀಸೆಲ್‌ನಲ್ಲಿ ಕರಗಿ ನಿಲ್ಲೋದೇ ಅದರ ಬಲದಿಂದ. ಗ್ಲಿಸರಿನ್ ಪೂರ್ತಿ ಇಳಿಸಿ, ಆಮೇಲೆ ಬಿಸಿ ಮಾಡಿ ಮೆಥನಾಲನ್ನು ಕಂಡೆನ್ಸರ್‌ಗೆ ಎಳೆದೆ. ಗ್ಲಿಸರಿನ್ ಉಳಿಸಿಕೊಂಡು ಈ ಕೆಲಸ ಮಾಡಬೇಡಿ, ರಿಯಾಕ್ಷನ್ ಹಿಂದಕ್ಕೆ ಓಡುತ್ತದೆ. ರಾತ್ರಿಯಿಡೀ ತಣ್ಣಗೆ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಸೋಪು, ತುಪ್ಪ ಕಾಯಿಸಿದಾಗಿನ ಗಸಿ ಥರ. ಮೇಲಿನದನ್ನು ಮರದ ಹೊಟ್ಟಿನಲ್ಲಿ ಸೋಸಿದೆ. ಉಳಿದದ್ದು 400 ಪಿಪಿಎಂ. ಅಷ್ಟು ಮಾತ್ರ ರೆಸಿನ್ ಪಾಲು.

ಇನ್ನೊಂದು ಲಾಭವೂ ಇದೆ. ಮೆಥನಾಲ್ ಇದ್ದರೆ ಅದು ಮಣಿಗೆ ಅಂಟಿದ ಗ್ಲಿಸರಿನ್ನನ್ನೂ ತೊಳೆದುಕೊಂಡು ಹೋಗುತ್ತದೆ. ಈಗ ಗ್ಲಿಸರಿನ್ ಮಣಿಯಲ್ಲೇ ನಿಲ್ಲುತ್ತದೆ, ಗಾಜಿನ ಕಾಲಂನಲ್ಲಿ ಬೆಡ್ ಉಬ್ಬಿ ಮೇಲೇರೋದು ಕಣ್ಣಿಗೇ ಕಾಣುತ್ತದೆ. ಮೇಲೆ ಜಾಗ ಬಿಟ್ಟೇ ತುಂಬಿಸಿ. ತುಂಬಿದ ಗ್ಲಿಸರಿನ್ನನ್ನು ಮೆಥನಾಲ್‌ನಲ್ಲಿ ತೊಳೆದು ತೆಗೆಯಬಹುದು. ಸೋಡಿಯಂ ಮಾತ್ರ ಹಾಗೆ ಬಿಡೋದಿಲ್ಲ. ಸೋಪು ಕಮ್ಮಿ ಕಳಿಸಿದಷ್ಟೂ ರೆಸಿನ್ ಜಾಸ್ತಿ ದಿನ ಬಾಳುತ್ತದೆ.

ಮುಂದೆ ಹೊಂಗೆ ಎಣ್ಣೆ. ಅದರಲ್ಲಿ ಫ್ಯಾಟಿ ಆಸಿಡ್ ಜಾಸ್ತಿ, ಮೊದಲು ಎಸ್ಟರಿಫಿಕೇಷನ್ (ಆ ಆಸಿಡನ್ನು ಮೆಥನಾಲ್ ಜೊತೆ ಸೇರಿಸಿ ಡೀಸೆಲ್ ಮಾಡೋದು) ಆಗಲೇಬೇಕು. ಸಲ್ಫ್ಯೂರಿಕ್ ಆಸಿಡ್ ಬದಲು ಇದೇ ಜಾತಿಯ ಸಲ್ಫೋನಿಕ್ ರೆಸಿನ್ನನ್ನು ಕ್ಯಾಟಲಿಸ್ಟ್ ಮಾಡುವ ಆಸೆ. ಅಲ್ಲಿ ಹುಟ್ಟುವ ನೀರನ್ನು ಹೇಗೆ ಹೊರಹಾಕೋದು ಅನ್ನೋದೇ ಈಗಿನ ಚಿಂತೆ. ಗಾಣದ ಹೊಂಗೆ ಎಣ್ಣೆ ಐದು ಲೀಟರ್ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?