ಗೂಡಿನಲ್ಲಿ ನೆಗಡಿ

ಡಿಸೆಂಬರ್ 16, 2025, ಮಂಗಳವಾರ

ಕಪ್ಪು ಹೇಂಟೆಯ ಮುಖ ಇವತ್ತು ಊದಿಕೊಂಡಿದೆ. ಎಡಗಣ್ಣು ಮುಚ್ಚಿಯೇ ಹೋಗಿದೆ. ನಿನ್ನೆ ಬರೀ ಸೀನು, ಮೂಗಲ್ಲಿ ನೀರು. ಇವತ್ತು ಆ ನೀರು ಗಟ್ಟಿಯಾಗಿ ಕೊಕ್ಕಿನ ಬುಡಕ್ಕೆ ಅಂಟಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಎತ್ತಿದೆ, ಆದರೂ ಕೊಳೆತ ವಾಸನೆ ಹೊಡೆಯಿತು. ಆ ವಾಸನೆ ಬಂತೆಂದರೆ ಮೊದಲು ಅನುಮಾನಿಸಬೇಕಾದ್ದು ಕೋರೈಜಾ. ಕೋಳಿಗಳ ನೆಗಡಿ ಅನ್ನಿ. ಬ್ಯಾಕ್ಟೀರಿಯಾದಿಂದ ಬರುತ್ತದೆ, ಚಳಿಗಾಲದಲ್ಲಿ ಜಾಸ್ತಿ. ಸೋಂಕು ತಗುಲಿದ ಒಂದರಿಂದ ಮೂರು ದಿನದಲ್ಲೇ ಕಾಣಿಸಿಕೊಳ್ಳುತ್ತದೆ.

ಬೇಲಿ ಆಚೆಯಿಂದ ನೋಡಿದ ದೊಡ್ಡಮ್ಮ ಅಲ್ಲಿಂದಲೇ ತೀರ್ಪು ಕೊಟ್ಟರು. "ಕೊಕ್ಕರೆ ರೋಗ ಕಣೇ. ಎಲ್ಲಾನೂ ಹಿಡಿದು ಸಂತೆಗೆ ಹಾಕ್ಬಿಡು. ಆಮೇಲೆ ಒಂದೂ ಉಳಿಯಲ್ಲ."

"ಕುತ್ತಿಗೆ ತಿರುಚಿಲ್ಲ ನೋಡಿ ದೊಡ್ಡಮ್ಮ. ಹಿಕ್ಕೆನೂ ಹಸಿರಿಲ್ಲ," ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅವರ ಹೆದರಿಕೆಗೆ ಕಾರಣ ಇದೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಲಸಿಕೆ ಹಾಕದ ಗೂಡಿಗೆ ಬಂದರೆ ಕೆಲವೇ ದಿನದಲ್ಲಿ ಗೂಡೇ ಖಾಲಿ. ಅದರಲ್ಲೂ ಮೊದಲು ಸೀನು, ಬಾಯಿ ತೆರೆದು ಏದುಸಿರು. ಆಮೇಲೆ ಹಸಿರು ಭೇದಿ, ರೆಕ್ಕೆ ಜೋತು ಬೀಳುವುದು, ಕತ್ತು ತಿರುಚುವುದು. ಅದು ವೈರಸ್, ಔಷಧಿ ಇಲ್ಲ. ಕೋರೈಜಾದಲ್ಲಿ ಹಾಗಲ್ಲ. ಮುಖ ಊದುತ್ತದೆ, ಮೇವು ಬಿಡುತ್ತವೆ, ಮೊಟ್ಟೆ ನಿಲ್ಲುತ್ತದೆ, ಆದರೆ ಸಾಯುವುದು ಕಡಿಮೆ. ಇನ್ನೊಂದಿದೆ, ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಸಿಆರ್‌ಡಿ, ಅಂದರೆ ಬಹಳ ದಿನ ಕಾಡುವ ಉಸಿರಾಟದ ಕಾಯಿಲೆ. ಅದು ನಿಧಾನ. ಅದನ್ನು ಹಿಡಿಯಬೇಕಾದರೆ ರಾತ್ರಿ ಎಲ್ಲ ಕೂತ ಮೇಲೆ ಗೂಡಿನ ಹತ್ತಿರ ಸುಮ್ನೆ ನಿಂತು ಕೇಳಬೇಕು. ಉಸಿರಾಟದಲ್ಲಿ ಗಂಜಿ ಕುದಿಯುವ ಹಾಗೆ ಗೊರಗೊರ ಇರುತ್ತದೆ. ಹಗಲಿನ ಗಲಾಟೆಯಲ್ಲಿ ಅದು ಕೇಳಿಸುವುದಿಲ್ಲ.

ಆದರೂ ಕಣ್ಣಳತೆಯ ಮೇಲೆ ಔಷಧಿ ಶುರು ಮಾಡುವುದು ನನಗೆ ಇಷ್ಟವಿಲ್ಲ. ಎರಡು ಕಾಯಿಲೆ ಒಟ್ಟಿಗೆ ಬರುವುದೂ ಉಂಟು. ಕಪ್ಪು ಹೇಂಟೆಯನ್ನು ದನದ ಕೊಟ್ಟಿಗೆಯ ಪಕ್ಕದ ಹಳೇ ಕೋಣೆಯಲ್ಲಿ ಮಂಕರಿ ಕವುಚಿ ಇಟ್ಟೆ. ಸೀನುತ್ತಿದ್ದ ಇನ್ನೆರಡನ್ನೂ ಅಲ್ಲಿಗೇ ಸಾಗಿಸಿದೆ. ನೀರಿನ ಬಟ್ಟಲು ಬೇರೆ, ಚಪ್ಪಲಿಯೂ ಬೇರೆ. ಮೊದಲು ಚೆನ್ನಾಗಿರುವ ಕೋಳಿಗಳ ಕೆಲಸ, ಕೊನೆಗೆ ಕಾಯಿಲೆಯವು. ಈ ಸರದಿ ತಪ್ಪಿದರೆ ಬೇರೆ ಇಟ್ಟೂ ಪ್ರಯೋಜನ ಇಲ್ಲ.

ಪಶು ಆಸ್ಪತ್ರೆಯ ಡಾಕ್ಟರೂ ಕೋರೈಜಾ ಅಂತಲೇ ಹೇಳಿದರು. ನೀರಿಗೆ ಬೆರೆಸುವ ಟೆಟ್ರಾಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಪುಡಿ ಕೊಟ್ಟರು. ಅದು ಬೆರೆಸಿದ ನೀರು ಬಿಟ್ಟು ಬೇರೆ ನೀರು ಸಿಗಬಾರದು, ದಿನಾ ಹೊಸದಾಗಿ ಬೆರೆಸಬೇಕು. ಔಷಧಿ ನಡೆಯುವಾಗಲೂ, ನಿಲ್ಲಿಸಿದ ಮೇಲೆ ಅವರು ಹೇಳಿದಷ್ಟು ದಿನವೂ ಮೊಟ್ಟೆ ತಿನ್ನುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಎರಡೇ ದಿನಕ್ಕೆ ಗೆಲುವಾಯಿತು ಅಂತ ನಿಲ್ಲಿಸಬಾರದು. ಬೆಳ್ಳುಳ್ಳಿ, ಅರಿಶಿನ ಕೊಡಬಹುದಾ ಅಂತ ಕೇಳಿದೆ. "ಕೊಡಿ, ಆದರೆ ಅದನ್ನೇ ನಂಬಿ ಕೂರಬೇಡಿ" ಅಂದರು. ಕಣ್ಣು ಮುಚ್ಚಿರುವ ಕೋಳಿಗೆ ಮೇವೇ ಕಾಣುವುದಿಲ್ಲ, ಅದೇ ದೊಡ್ಡ ತೊಂದರೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಒರೆಸಿ, ಮೆತ್ತಗೆ ಕಲಸಿದ ರಾಗಿ ಹಿಟ್ಟನ್ನು ಕೊಕ್ಕಿನ ಮುಂದೆ ಹಿಡಿದರೆ ತಿನ್ನುತ್ತದೆ.

ವಾಪಸ್ ಬಂದು ಮಾಡಿದ ಮೊದಲ ಕೆಲಸ, ಗೂಡಿನ ಟಾರ್ಪಾಲು ಬಿಚ್ಚಿದ್ದು. ಊರಲ್ಲೆಲ್ಲ ಚಳಿ ಅಂತ ಗೂಡನ್ನು ನಾಲ್ಕೂ ಕಡೆ ಬಿಗಿಯಾಗಿ ಮುಚ್ಚುತ್ತಾರೆ. ಕೋಳಿಗೆ ಚಳಿಗಿಂತ ಹಿಕ್ಕೆಯ ಅಮೋನಿಯಾ ಹೆಚ್ಚು ಕೆಟ್ಟದ್ದು. ನಾವು ಬಗ್ಗಿ ನೋಡಿದಾಗ ಕಣ್ಣು ಉರಿದರೆ, ರಾತ್ರಿಯಿಡೀ ಒಳಗೇ ಇರುವ ಅವುಗಳ ಗಂಟಲು ಏನಾಗಬೇಡ? ಕೆಳಗೆ ಗಾಳಿ ಬೀಸದ ಹಾಗೆ ಮುಚ್ಚಿ, ಮೇಲೆ ಬಿಟ್ಟರೆ ಸಾಕು. ಒದ್ದೆ ಹೊಟ್ಟೆಲ್ಲ ತೆಗೆದು ಒಣಗಿದ ಭತ್ತದ ಹೊಟ್ಟು ಹರಡಿದೆ.

ಈಗ ಸಂತೆಯ ವಿಷಯ. ಸಾಯುವ ಮುಂಚೆ ನಾಲ್ಕು ಕಾಸು ಮಾಡಿಕೊಳ್ಳೋಣ ಅನ್ನುವುದು ತಪ್ಪು ಅಂತ ಬಾಯಲ್ಲಿ ಹೇಳುವುದು ಸುಲಭ. ಕೋಳಿ ದುಡ್ಡಲ್ಲೇ ಮಕ್ಕಳ ಪುಸ್ತಕ ತರುವವರಿದ್ದಾರೆ. ಆದರೆ ಊರಿಂದ ಊರಿಗೆ ರೋಗ ಹೋಗುವ ದಾರಿಗಳಲ್ಲಿ ಸಂತೆ ದೊಡ್ಡದು. ಜಾತ್ರೆ, ಮಾರಿಹಬ್ಬ ಹತ್ತಿರವಾದಾಗ ಕೋಳಿಗಳ ಓಡಾಟ ಹೆಚ್ಚುತ್ತದೆ, ರೋಗಕ್ಕೂ ಅದೇ ಅನುಕೂಲ. ಕೋರೈಜಾ ಇದರಲ್ಲಿ ಇನ್ನೂ ಮೋಸ. ಗುಣವಾದ ಕೋಳಿ ನೋಡಲು ಚೆನ್ನಾಗಿರುತ್ತದೆ, ಒಳಗೆ ರೋಗಾಣು ಉಳಿದಿರಬಹುದು. ಬೇರೆ ಗೂಡು ಸೇರಿತೋ, ಅಲ್ಲಿ ಶುರು. ದೊಡ್ಡಮ್ಮನ ಅಳಿಯ ಹೋದ ವಾರ ತಂದ ಹುಂಜವೂ ಲಕ್ಷಣವಾಗಿಯೇ ಇತ್ತು. ಅದರಿಂದಲೇ ಬಂತು ಅಂತ ಹೇಳಲಾರೆ, ಆದರೆ ಅದು ನಮ್ಮ ಅಂಗಳದಲ್ಲೇ ಮೇಯುತ್ತಿತ್ತು.

ಹಾಗಾಗಿ ಈ ಗುಂಪಿನಿಂದ ಯಾರಿಗೂ ಕೋಳಿ ಕೊಡುವುದಿಲ್ಲ, ಹೊಸದನ್ನು ಇದಕ್ಕೆ ಸೇರಿಸುವುದೂ ಇಲ್ಲ. ಇವುಗಳ ಕಾಲ ಮುಗಿದ ಮೇಲೆ ಗೂಡು ತೊಳೆದು, ಸುಣ್ಣ ಬಳಿದು, ಕೆಲವು ವಾರ ಒಣಗಲು ಬಿಟ್ಟು ಹೊಸ ಮರಿ ತರುವುದು. ಕೋಳಿಯ ಮೈ ಬಿಟ್ಟರೆ ಈ ರೋಗಾಣು ಹೊರಗೆ ಹೆಚ್ಚು ದಿನ ಬದುಕುವುದಿಲ್ಲ. ತಂಗಿಯ ಬಾಣಂತನಕ್ಕೆ ನಾಟಿ ಕೋಳಿ ಕಳಿಸುತ್ತೇನೆ ಅಂದಿದ್ದೆ. ಅಮ್ಮನಿಗೆ ಫೋನ್ ಮಾಡಿ ಬೇರೆ ಕಡೆ ನೋಡಿಕೊಳ್ಳಲು ಹೇಳಿದೆ. ಬೇಜಾರು ಮಾಡಿಕೊಂಡರು.

ಒಂದು ಮಾತು ದೊಡ್ಡಮ್ಮನಿಗೆ ಖಡಕ್ಕಾಗಿ ಹೇಳಿದೆ. ಇದ್ದಕ್ಕಿದ್ದ ಹಾಗೆ ಹಲವು ಕೋಳಿ ಒಟ್ಟಿಗೆ ಸತ್ತರೆ, ಜುಟ್ಟು ನೀಲಿಯಾದರೆ ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಹೊಸದಲ್ಲ. 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಬಂದಿತ್ತು. ಅದು ಖಚಿತವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ. ಆ ಹೆದರಿಕೆಗೇ ಜನ ಬಾಯಿ ಬಿಡುವುದಿಲ್ಲ, ಅಲ್ವಾ?

ರಾಣಿಖೇತ್ ಲಸಿಕೆ ಬಗ್ಗೆಯೂ ಡಾಕ್ಟರ ಹತ್ತಿರ ಮಾತಾಡಿಕೊಂಡು ಬಂದೆ. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹನಿ, ಸುಮಾರು 4 ವಾರಕ್ಕೆ ಇನ್ನೊಮ್ಮೆ, 8 ವಾರ ದಾಟಿದ ಮೇಲೆ ಆರ್‌2ಬಿ ಅನ್ನುವ ಲಸಿಕೆಯ ಸೂಜಿ. ತೊಡಕು ಇರುವುದು ಸೀಸೆಯಲ್ಲಿ. ಒಂದರಲ್ಲಿ 100 ಕೋಳಿಗೆ ಆಗುವಷ್ಟು ಇರುತ್ತದೆ. ಬೆರೆಸಿದ ಮೇಲೆ ಐಸಿನಲ್ಲಿಟ್ಟುಕೊಂಡು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇಟ್ಟವರು ಒಂಟಿಯಾಗಿ ಇದನ್ನು ಮಾಡುವುದು ದಂಡ. ಬೀದಿಯವರೆಲ್ಲ ಒಂದೇ ದಿನ ಸೇರಬೇಕು. ಕಾಯಿಲೆ ಇರುವ ಗೂಡಿಗೆ ಈಗ ಹಾಕುವಂತಿಲ್ಲ, ನಮ್ಮದು ಆಮೇಲೆ. ದೊಡ್ಡಮ್ಮನ ಹೆಸರು ಬರೆದುಕೊಂಡೆ. "ದುಡ್ಡು ಎಷ್ಟು?" ಅಂದರು. ನಾಳೆ ಕೆಳಗಿನ ಬೀದಿಗೆ ಹೋಗಿ ಕೇಳಬೇಕು, ಸ್ನಾನ ಮಾಡಿ, ಬಟ್ಟೆ ಬದಲಿಸಿಕೊಂಡು.