ಮೇಪಲ್ ಕಾಡಿನ ಮೇಲೆ ಇನ್ನೂರು ಮೈಲಿ

ಲಕೋನಿಯಾದ ವಿಮಾನ ನಿಲ್ದಾಣ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ವಿನ್ನಿಪೆಸಾಕಿ ಸರೋವರದ ದಕ್ಷಿಣ ದಂಡೆಗೆ ಹತ್ತಿರದಲ್ಲೇ ಇದೆ. ಸಮುದ್ರಮಟ್ಟದಿಂದ 545 ಅಡಿ ಎತ್ತರ, ಪೂರ್ವ–ಪಶ್ಚಿಮವಾಗಿ ಮಲಗಿದ ಒಂದೇ ರನ್‌ವೇ. ಇಲ್ಲಿಂದ ಉತ್ತರಕ್ಕೆ ವೈಟ್ ಮೌಂಟನ್ಸ್ ದಾಟಿ, ಕನೆಕ್ಟಿಕಟ್ ನದಿಯಾಚೆ ವರ್ಮಾಂಟ್‌ಗೆ ಹೊಕ್ಕು, ಸ್ಟೋವ್ ಬಳಿ ಇಳಿದು, ಹಸಿರು ಬೆಟ್ಟಗಳ ಸಾಲಿನ ಗುಂಟ ದಕ್ಷಿಣಕ್ಕೆ ಬಂದು ಮತ್ತೆ ಲಕೋನಿಯಾ ಸೇರಿದರೆ ಸುಮಾರು 200 ನಾಟಿಕಲ್ ಮೈಲಿ, ಅಂದರೆ 370 ಕಿಲೋಮೀಟರ್. ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನದಲ್ಲಿ, ಅವಸರವಿಲ್ಲದೆ, ಗಾಳಿಯಲ್ಲಿರುವ ಹೊತ್ತು ಎರಡೂವರೆ ಗಂಟೆ. ಎಲೆ ಉದುರುವ ಮುನ್ನ ಬಣ್ಣ ಬದಲಿಸುವ ಕಾಡನ್ನು ಮೇಲಿಂದ ನೋಡುವ ಸುತ್ತು ಇದು. ಕೆಳಗೆ ರಸ್ತೆಯಲ್ಲಿ ಇದನ್ನೇ ನೋಡಲು ಬಂದ ಕಾರುಗಳು ಸಾಲುಗಟ್ಟಿ ತೆವಳುತ್ತಿರುತ್ತವೆ.

ಮೊದಲ ಪ್ರಶ್ನೆ, ಯಾವಾಗ? ಎಲೆಗಳ ಬಣ್ಣ ಉತ್ತರದಿಂದ ದಕ್ಷಿಣಕ್ಕೆ ಬರುತ್ತದೆ, ಬೆಟ್ಟದ ಮೇಲಿಂದ ಕಣಿವೆಗೆ ಇಳಿಯುತ್ತದೆ. ಕೆನಡಾ ಗಡಿಯ ಕಡೆಗೆ ಸೆಪ್ಟೆಂಬರ್ ಕೊನೆಯಲ್ಲೇ ರಂಗೇರಿದರೆ, ಸರೋವರಗಳ ಸುತ್ತ ಅಕ್ಟೋಬರ್ ಎರಡನೇ ವಾರ, ಕರಾವಳಿಗೆ ಇನ್ನೂ ತಡ. ರಸ್ತೆಯಲ್ಲಿ ಹೋಗುವವರು ಒಂದು ಊರಿನ ‘ಪೀಕ್’ ತಪ್ಪಿಸಿಕೊಂಡರೆ ಪ್ರವಾಸವೇ ಹೋಯಿತು ಎಂದು ಪೇಚಾಡುತ್ತಾರೆ. ವಿಮಾನದಲ್ಲಿ ಆ ಚಿಂತೆ ಇಲ್ಲ. ಇನ್ನೂರು ಮೈಲಿಯ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಬಣ್ಣ ಹದಕ್ಕೆ ಬಂದೇ ಇರುತ್ತದೆ. ಆದ್ದರಿಂದ ತಾರೀಖಿಗಿಂತ ಹವೆ ಮುಖ್ಯ.

ಹವೆಯ ಲೆಕ್ಕದಲ್ಲೇ ಇರುವುದು ಈ ಪ್ರವಾಸದ ಇಕ್ಕಟ್ಟು. ತಣ್ಣನೆ ಗಾಳಿಯ ಅಲೆಯೊಂದು ವಾಯುವ್ಯದಿಂದ ಬಂದು ಮೋಡವನ್ನೆಲ್ಲ ಗುಡಿಸಿದ ಮರುದಿನ ಆಕಾಶ ತೊಳೆದಿಟ್ಟಂತೆ ಇರುತ್ತದೆ, ನೂರು ಮೈಲಿ ದೂರದ ಬೆಟ್ಟ ಕಾಣುತ್ತದೆ. ಅದೇ ದಿನ ಶಿಖರಗಳ ಮೇಲೆ ಗಾಳಿ 40 ನಾಟ್ (ಗಂಟೆಗೆ 40 ನಾಟಿಕಲ್ ಮೈಲಿ) ಬೀಸುತ್ತಿರಬಹುದು, ಬೆಟ್ಟದ ಮರೆಯ ಬದಿಯಲ್ಲಿ ಗಾಳಿ ಜಲಪಾತದಂತೆ ಕೆಳಕ್ಕೆ ಸುರಿಯುತ್ತಿರುತ್ತದೆ. ಸಮುದ್ರಮಟ್ಟದಲ್ಲೇ ಸೆಸ್ನಾ 172 ಏರುವುದು ನಿಮಿಷಕ್ಕೆ ಸುಮಾರು 700 ಅಡಿ. ಇಳಿಗಾಳಿ ಅದಕ್ಕಿಂತ ಜೋರಾಗಿದ್ದರೆ ಥ್ರಾಟಲ್ ಪೂರ್ತಿ ಕೊಟ್ಟರೂ ವಿಮಾನ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಫೋಟೊ ನೋಡಿ ಆಸೆಪಟ್ಟು ಅಲೆ ಹೋದ ಮೊದಲ ದಿನವೇ ಹೊರಡಬೇಡಿ. ಎರಡನೆಯ ಅಥವಾ ಮೂರನೆಯ ದಿನ ಕಾಯಿರಿ. ಒಂದಿಷ್ಟು ಮಬ್ಬು ಬಂದಿರುತ್ತದೆ, ಗಾಳಿ ಮಾತ್ರ ಸುಮ್ಮನಾಗಿರುತ್ತದೆ. ಶಿಖರದ ಮಟ್ಟದ ಗಾಳಿ 20 ನಾಟ್ ಮೀರಿದರೆ ಬೆಟ್ಟಗಳನ್ನು ಬಿಟ್ಟು ಸರೋವರಗಳ ಮೇಲಷ್ಟೇ ಸುತ್ತಿ ಬರುವುದು ಲೇಸು. ಮೌಂಟ್ ವಾಷಿಂಗ್ಟನ್ ವೀಕ್ಷಣಾಲಯ ಎತ್ತರದ ಶಿಖರಗಳಿಗೆಂದೇ ಪ್ರತ್ಯೇಕ ಮುನ್ಸೂಚನೆ ಕೊಡುತ್ತದೆ, ಅದನ್ನು ನೋಡದೆ ಉತ್ತರಕ್ಕೆ ಮೂತಿ ತಿರುಗಿಸಬಾರದು. 6,288 ಅಡಿಯ ಆ ಬೆಟ್ಟದ ನೆತ್ತಿಯಲ್ಲೇ 1934ರ ಏಪ್ರಿಲ್ 12ರಂದು ಗಂಟೆಗೆ 231 ಮೈಲಿ ವೇಗದ ಗಾಳಿ ದಾಖಲಾಗಿದ್ದು.

ವಿಮಾನ ಯಾವುದಿರಬೇಕು ಎಂಬುದರಲ್ಲಿ ಹೆಚ್ಚು ಚರ್ಚೆ ಬೇಡ, ರೆಕ್ಕೆ ತಲೆಯ ಮೇಲಿರಬೇಕು. ರೆಕ್ಕೆ ಕೆಳಗಿರುವ ವಿಮಾನದಲ್ಲಿ ಕುಳಿತರೆ ಕಾಡಿನ ಅರ್ಧಭಾಗ ಬಿಳಿ ಬಣ್ಣದ ತಗಡೇ ಕಾಣುತ್ತದೆ. ಭಾರದ ಲೆಕ್ಕ ಮಾತ್ರ ಕಾಗದದ ಮೇಲೆ ಮಾಡಲೇಬೇಕು. 172 ಎಸ್ ಮಾದರಿಯ ಗರಿಷ್ಠ ಭಾರ 2,550 ಪೌಂಡ್, ಖಾಲಿ ವಿಮಾನವೇ 1,690ರ ಆಸುಪಾಸು. ಉಳಿಯುವುದು 860. ತಲಾ 180 ಪೌಂಡಿನ ನಾಲ್ವರು ಕೂತರೆ 720 ಹೋಯಿತು. ಮಿಕ್ಕ 140 ಪೌಂಡಿನಲ್ಲಿ, ಗ್ಯಾಲನ್‌ಗೆ 6 ಪೌಂಡಿನಂತೆ, 23 ಗ್ಯಾಲನ್ ಇಂಧನವಷ್ಟೇ. ಗಂಟೆಗೆ ಎಂಟೊಂಬತ್ತು ಗ್ಯಾಲನ್ ಕುಡಿಯುವ ಎಂಜಿನ್‌ಗೆ ಈ ಸುತ್ತು ಮುಗಿಯುವಷ್ಟರಲ್ಲಿ 22 ಗ್ಯಾಲನ್ ಬೇಕು. ಹಗಲಿನಲ್ಲಿ ಅರ್ಧ ಗಂಟೆಯ ಇಂಧನ ಮೀಸಲಿರಬೇಕೆಂಬ ಕಾನೂನು ಬೇರೆ. ಹಾಗಾಗಿ ಮೂವರೇ ಹೋಗಿ: ಒಬ್ಬರು ಹಾರಿಸಲು, ಇಬ್ಬರು ನೋಡಲು. ನಾಲ್ಕನೆಯವರು ಬಂದೇ ಬರುತ್ತಾರಾದರೆ ನಡುವೆ ಇಳಿದಾಗ ಇಂಧನ ತುಂಬಿಸಿಕೊಳ್ಳುವ ಯೋಜನೆ ಮೊದಲೇ ಇರಲಿ.

ಖರ್ಚಿನ ಮಾತೂ ಇದೇ ಕಡೆ ಮುಗಿಸಿಬಿಡೋಣ. ಅಮೆರಿಕದಲ್ಲಿ ಖಾಸಗಿ ಪರವಾನಗಿಯ ಪೈಲಟ್ ಬಾಡಿಗೆ, ಇಂಧನ, ಎಣ್ಣೆ, ನಿಲ್ದಾಣದ ಶುಲ್ಕ ಇಷ್ಟನ್ನು ಜೊತೆಗಾರರೊಂದಿಗೆ ಹಂಚಿಕೊಳ್ಳಬಹುದು, ತನ್ನ ಪಾಲನ್ನು ತಾನು ಕೊಡಲೇಬೇಕು. ಮೂವರಿದ್ದರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕೊಡುವಂತಿಲ್ಲ. ಕಳೆದ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರದ ಪೈಲಟ್ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತೆಯೂ ಇಲ್ಲ. ಇದನ್ನು ಬಾಯಿಬಿಟ್ಟು ಕೇಳಲು ಸಂಕೋಚ ಬೇಡ.

ಬೆಳಿಗ್ಗೆ ನಿಲ್ದಾಣಕ್ಕೆ ಬಂದರೆ ರೆಕ್ಕೆಯ ಮೇಲೆ ಬೆರಳಾಡಿಸಿ ನೋಡಿ. ಹುಡಿ ಉಪ್ಪು ಎರಚಿದಂತೆ ತೆಳ್ಳಗೆ ಹಿಮ ಕಟ್ಟಿರುತ್ತದೆ. ತೂಕ ಏನೂ ಇಲ್ಲ ಅದರದ್ದು, ಆದರೆ ಮರಳುಕಾಗದದಷ್ಟು ಒರಟು. ರೆಕ್ಕೆಯ ಮೇಲೆ ಗಾಳಿ ನುಣ್ಣಗೆ ಹರಿಯದೆ ಬೇಗ ಕಿತ್ತುಕೊಳ್ಳುತ್ತದೆ, ನೆಲ ಬಿಟ್ಟ ವಿಮಾನ ಮೇಲೇರಲು ಒದ್ದಾಡುತ್ತದೆ. ಕೆರೆದು ತೆಗೆಯಲು ಹೋಗಬೇಡಿ. ವಿಮಾನವನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿದರೆ ತಾನಾಗಿ ಕರಗುತ್ತದೆ, ಉಳಿದ ನೀರನ್ನು ಬಟ್ಟೆಯಿಂದ ಒರೆಸಿದರಾಯಿತು. ಹೇಗೂ ಕಾಯಲೇಬೇಕು, ಏಕೆಂದರೆ ಕನೆಕ್ಟಿಕಟ್ ಕಣಿವೆಯಲ್ಲಿ ರಾತ್ರಿ ತುಂಬಿದ ಮಂಜು ಒಂಬತ್ತು ಹತ್ತು ಗಂಟೆಯವರೆಗೂ ಏಳುವುದಿಲ್ಲ. ಮೇಲಿನಿಂದ ಅದು ಚೆಂದ, ಹಾಲಿನ ಹೊಳೆಯ ನಡುವೆ ಕೆಂಪು ದಿಬ್ಬಗಳು. ಎಂಜಿನ್ ಕೈಕೊಟ್ಟರೆ ಇಳಿಯಲು ಬೇಕಾದ ಗದ್ದೆಗಳೆಲ್ಲ ಆ ಹಾಲಿನ ಅಡಿಯಲ್ಲೇ ಇರುತ್ತವೆ ಎಂಬುದಷ್ಟೇ ತೊಂದರೆ.

ಏರಿದ ಮೇಲೆ ಉತ್ತರಕ್ಕೆ ಸ್ಕ್ವಾಮ್ ಸರೋವರ, ಆಮೇಲೆ ವಾಟರ್‌ವಿಲ್ ಕಣಿವೆ. ಸಮುದ್ರಮಟ್ಟದಿಂದ 5,500 ಅಡಿಗೆ ಏರಿಕೊಂಡರೆ 4,340 ಅಡಿಯ ಆಸಿಯೋಲಾ ಬೆಟ್ಟದ ಮೇಲೆ ಸಾವಿರ ಅಡಿಗೂ ಮಿಕ್ಕಿ ಅಂತರ ಸಿಗುತ್ತದೆ. ದಿಣ್ಣೆಯನ್ನು ನೇರಕ್ಕೆ ನೇರ ದಾಟಬೇಡಿ, 45 ಡಿಗ್ರಿ ಓರೆಯಾಗಿ ಬನ್ನಿ. ಇಳಿಗಾಳಿ ಸಿಕ್ಕಿತೋ, ಅರ್ಧ ತಿರುವಿನಲ್ಲಿ ಕಣಿವೆಯ ಕಡೆಗೆ ಜಾರಿಕೊಳ್ಳಬಹುದು.

ದಾಟಿದೊಡನೆ ಕ್ಯಾಂಕಮಾಗಸ್ ಹೆದ್ದಾರಿ. 2,855 ಅಡಿಯ ಕಣಿವೆದಾರಿಯಿಂದ ಎರಡೂ ಕಡೆಗೆ ಹಾವಿನಂತೆ ಇಳಿಯುವ ರಸ್ತೆ. ಕಾಡು ಪಟ್ಟೆಪಟ್ಟೆಯಾಗಿ ಬಣ್ಣ ಹಚ್ಚಿಕೊಂಡಿರುವುದು ಇಲ್ಲಿ ಮೊದಲು ಕಾಣುತ್ತದೆ. ರಸ್ತೆಯಲ್ಲಿ ನಿಂತವರಿಗೆ ಈ ಪಟ್ಟೆಗಳು ದಕ್ಕುವುದಿಲ್ಲ. ಬೆಟ್ಟದ ನೆತ್ತಿಯಲ್ಲಿ ಸ್ಪ್ರೂಸ್ ಮತ್ತು ಫರ್ ಮರಗಳ ಕಪ್ಪುಹಸಿರು. ಅದರ ಕೆಳಗೆ ಬರ್ಚ್ ಮರಗಳ ತಿಳಿ ಅರಿಸಿನ. ಇನ್ನೂ ಕೆಳಗೆ ಸಕ್ಕರೆ ಮೇಪಲ್‌ನ ಕಿತ್ತಳೆ, ಬೀಚ್ ಮರದ ಕಂಚು. ಎತ್ತರದಲ್ಲಿ ಎಲೆ ಉದುರಿಹೋದ ಬರ್ಚ್ ಕಾಡು ಬಿಳಿ ಗೀರುಗಳ ಹಾಗೆ, ಯಾರೋ ಸೀಮೆಸುಣ್ಣ ಎಳೆದಂತೆ ಉಳಿದಿರುತ್ತದೆ. ಜೌಗಿನ ಸುತ್ತ ಕಡುಗೆಂಪು ಉಂಗುರ ಕಂಡರೆ ಅದು ಕೆಂಪು ಮೇಪಲ್. ಬೇರು ನೀರಿನಲ್ಲಿರುವ ಆ ಮರಗಳು ಎಲ್ಲರಿಗಿಂತ ಮೊದಲು, ಸೆಪ್ಟೆಂಬರ್ ನಡುವಿನಲ್ಲೇ ಕೆಂಪಾಗುತ್ತವೆ. ಹಳದಿ ಎಲೆಯಲ್ಲಿ ಮೊದಲಿಂದಲೂ ಇದ್ದದ್ದು, ಹಸಿರು ಹೋದಾಗ ಹೊರಬೀಳುವುದಷ್ಟೇ. ಕೆಂಪು ಹಾಗಲ್ಲ, ಅದು ಆಗಲೇ ಹೊಸದಾಗಿ ತಯಾರಾಗುವುದು. ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದರೆ ಕೆಂಪು ಚೆನ್ನಾಗಿ ಕೂಡುತ್ತದೆ. ಮೋಡ ಮುಚ್ಚಿದ ವರ್ಷಗಳಲ್ಲಿ ಹಳದಿಗೆ ಕೊರತೆಯಾಗದಿದ್ದರೂ ಕೆಂಪು ಮಂಕಾಗುವುದು ಇದಕ್ಕೇ.

ಎಷ್ಟು ಎತ್ತರದಿಂದ ನೋಡಬೇಕು? ನೆಲದಿಂದ 1,000–1,500 ಅಡಿ ಸರಿ. 4,000 ಅಡಿ ಮೇಲಕ್ಕೆ ಹೋದರೆ ನಡುವಿನ ಮಬ್ಬು ಎಲ್ಲವನ್ನೂ ಕಂದು ಮಾಡಿಬಿಡುತ್ತದೆ. ಜನವಸತಿ ಇಲ್ಲದ ಕಡೆ 500 ಅಡಿಗೆ ಇಳಿಯಲು ಕಾನೂನು ಬಿಡುತ್ತದೆಂದು ಇಳಿಯಬಾರದು, ಅಲ್ಲಿಂದ ಮರಗಳು ಓಡುತ್ತವೆ, ಕಾಡು ಕಾಣುವುದಿಲ್ಲ. ಹೆದ್ದಾರಿಯ ಉತ್ತರಕ್ಕಿರುವ ಪೆಮಿಜವಾಸೆಟ್‌ನಂಥ ರಕ್ಷಿತ ಅರಣ್ಯದ ಮೇಲೆ 2,000 ಅಡಿ ಬಿಡಬೇಕೆಂಬುದು ವಿಮಾನಯಾನ ಇಲಾಖೆಯ ಕೋರಿಕೆ. ಕಾನೂನಲ್ಲದಿದ್ದರೂ ಪಾಲಿಸಿ. ಕೆಳಗೆ ನಡೆಯುತ್ತಿರುವವರು ಮೌನ ಹುಡುಕಿಕೊಂಡೇ ಬಂದಿರುತ್ತಾರೆ.

ಲಿಂಕನ್ ಊರಿನ ಮೇಲೆ ಬಲಕ್ಕೆ ತಿರುಗಿದರೆ ಫ್ರಾಂಕೋನಿಯಾ ನಾಚ್. ಎಡಕ್ಕೆ ಕ್ಯಾನನ್ ಬೆಟ್ಟ, ಬಲಕ್ಕೆ 5,200 ಅಡಿ ದಾಟುವ ಲಫಾಯೆಟ್, ನಡುವೆ ಇಕ್ಕಟ್ಟಾದ ಕಣಿವೆ. ಕಣಿವೆಯೊಳಗೆ ನುಗ್ಗುವ ಆಸೆ ಎಲ್ಲರಿಗೂ ಆಗುತ್ತದೆ. ವಾಯುವ್ಯದ ಗಾಳಿ ಈ ಕೊಳವೆಯಲ್ಲಿ ಹಿಂಡಿಕೊಂಡು ವೇಗವಾಗುತ್ತದೆ, ಹಿಂದಿರುಗಲು ಜಾಗವಿಲ್ಲ. 6,500 ಅಡಿಯಲ್ಲಿ ಮೇಲಿಂದಲೇ ದಾಟಿ.

ಎಲೆ ನೋಡುವ ಹಾರಾಟದ ನಿಜವಾದ ಅಪಾಯ ಇಂಥ ಜಾಗದಲ್ಲೇ ಹುಟ್ಟುವುದು, ಅದೂ ಹಿಂದಿನ ಸೀಟಿನಿಂದ. “ಇನ್ನೊಂದು ಸುತ್ತು ಹಾಕ್ತೀರಾ?” ಎಂಬ ಒಂದು ಮಾತು. ಪೈಲಟ್ ಎಡಕ್ಕೆ ವಾಲಿಸುತ್ತಾರೆ, ಗಾಳಿ ವಿಮಾನವನ್ನು ಆಚೆ ತಳ್ಳುತ್ತದೆ, ಕೆಂಪು ಮರ ಕಿಟಕಿಯಿಂದ ಜಾರುತ್ತದೆ, ಅದನ್ನು ಹಿಡಿಯಲು ಇನ್ನಷ್ಟು ವಾಲಿಕೆ, ಎತ್ತರ ಕಳೆಯದಿರಲು ಹಿಡಿಕೆಯನ್ನು ಇನ್ನಷ್ಟು ಎಳೆತ. ಕಣ್ಣು ಮಾತ್ರ ಮರದ ಮೇಲೆ. 172 ಎಸ್ ಸಮತಟ್ಟಾಗಿ ಹಾರುವಾಗ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವುದು, ಸುಮಾರು 48 ನಾಟ್‌ಗೆ. 45 ಡಿಗ್ರಿ ವಾಲಿದಾಗ ಅದೇ 57, ಅರವತ್ತು ಡಿಗ್ರಿಗೆ 68ರ ಹತ್ತಿರ. ನೆಲದಿಂದ ಸಾವಿರ ಅಡಿಯಲ್ಲಿ ಸ್ಟಾಲ್ ಆಗಿ ಗಿರಕಿ ಹೊಡೆದರೆ ಸರಿಪಡಿಸಿಕೊಳ್ಳಲು ಎತ್ತರ ಸಾಲದು. ಆದ್ದರಿಂದ 90 ನಾಟ್, 30 ಡಿಗ್ರಿ, ಅದಕ್ಕಿಂತ ಹೆಚ್ಚು ವಾಲಿಕೆ ಬೇಡ. ಈ ಲೆಕ್ಕದಲ್ಲಿ ಸುತ್ತಿನ ತ್ರಿಜ್ಯ 380 ಮೀಟರ್, ಒಂದು ಸುತ್ತಿಗೆ 50 ಸೆಕೆಂಡ್, ಯಾವ ಫೋಟೊಗೂ ಧಾರಾಳವಾಗಿ ಸಾಕು. ಅದಕ್ಕಿಂತ ಒಳ್ಳೆಯದು, ಸುತ್ತುವುದನ್ನೇ ಬಿಟ್ಟು ಮರವನ್ನು ಪಕ್ಕಕ್ಕಿಟ್ಟುಕೊಂಡು ನೇರವಾಗಿ ಸಾಗಿ, ದೂರ ಹೋಗಿ ತಿರುಗಿ ಬರುವುದು. ಹಾರಿಸುವವರು ನೋಡಬಾರದು, ನೋಡುವವರು ಹಾರಿಸಬಾರದು.

ಕ್ಯಾಮೆರಾದವರಿಗೆ ಒಂದೆರಡು ಮಾತು. 172ರ ಎಡ ಕಿಟಕಿ ಹೊರಕ್ಕೆ ಗೇಣುದ್ದ ತೆರೆದುಕೊಳ್ಳುತ್ತದೆ, ಬಲಗಡೆಯದು ಕೆಲವು ಮಾದರಿಗಳಲ್ಲಿ ತೆರೆಯುವುದೇ ಇಲ್ಲ. ಬುಕ್ ಮಾಡುವಾಗಲೇ ಕೇಳಿ. ತೆರೆದರೆ ಪ್ರತಿಫಲನದ ಕಾಟ ತಪ್ಪುತ್ತದೆ, ಆದರೆ ಲೆನ್ಸ್ ಹುಡ್ ತೆಗೆದಿಡಿ, ಪಟ್ಟಿ ಕೊರಳಿಗಿರಲಿ. ಕಿಟಕಿಯಾಚೆ ಒಂದಂಗುಲ ಚಾಚಿದರೂ ಗಾಳಿ ಕಿತ್ತುಕೊಳ್ಳುತ್ತದೆ. ತೆರೆಯದಿದ್ದರೆ ಕಪ್ಪು ಅಂಗಿ ಹಾಕಿಕೊಂಡು ಬನ್ನಿ, ಬಿಳಿ ಅಂಗಿ ಪ್ರತಿ ಚಿತ್ರದಲ್ಲೂ ಮೇಪಲ್ ಮೇಲೆ ಕೂತಿರುತ್ತದೆ. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಬೇಡ, ಕಿಟಕಿಯ ಪ್ಲಾಸ್ಟಿಕ್ಕಿನ ಮೂಲಕ ಅದು ಕಾಮನಬಿಲ್ಲಿನ ಪಟ್ಟೆಗಳನ್ನು ಎಬ್ಬಿಸುತ್ತದೆ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕೂ ಚುರುಕು. ಮೊಣಕೈಯನ್ನು ಬಾಗಿಲಿಗೆ ಆನಿಸಬೇಡಿ, ಎಂಜಿನ್ನಿನ ನಡುಕವೆಲ್ಲ ಚಿತ್ರಕ್ಕೆ ಬರುತ್ತದೆ. ಅಕ್ಟೋಬರ್ 10ರ ಹೊತ್ತಿಗೆ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ 40 ಡಿಗ್ರಿಗಿಂತ ಮೇಲೇರುವುದಿಲ್ಲ, ಹಾಗಾಗಿ ಬೆಳಕು ದಿನವಿಡೀ ಓರೆಯಾಗೇ ಇರುತ್ತದೆ. ಸೂರ್ಯ ಬೆನ್ನಿಗಿದ್ದರೆ ಬಣ್ಣ ಗಟ್ಟಿ, ಎದುರಿಗಿದ್ದರೆ ಎಲೆಗಳು ದೀಪದಂತೆ ಉರಿಯುತ್ತವೆ, ಜೊತೆಗೆ ಮಬ್ಬೂ ಎದ್ದು ಕಾಣುತ್ತದೆ.

ಕನೆಕ್ಟಿಕಟ್ ನದಿ ದಾಟಿದರೆ ವರ್ಮಾಂಟ್. ವಿಲೋಬಿ ಸರೋವರ ಪಿಸ್ಗಾ ಮತ್ತು ಹೋರ್ ಎಂಬೆರಡು ಬೆಟ್ಟಗಳ ನಡುವೆ ಕೊಡಲಿ ಏಟಿನಂತೆ ಬಿದ್ದಿದೆ. ಅಲ್ಲಿಂದ ನೈಋತ್ಯಕ್ಕೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮಾರಿಸ್ವಿಲ್–ಸ್ಟೋವ್ ನಿಲ್ದಾಣ. ಇಳಿಯಲು ಶಕ್ತಿ ಇಳಿಸುವಾಗ ಹಳೆಯ, ಕಾರ್ಬ್ಯುರೇಟರ್ ಇರುವ 172 ಆಗಿದ್ದರೆ ಹುಷಾರು. ಹೊರಗೆ 10 ಡಿಗ್ರಿ ಸೆಲ್ಸಿಯಸ್, ತೇವದ ಗಾಳಿ, ಅರ್ಧ ಮುಚ್ಚಿದ ಥ್ರಾಟಲ್. ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟಲು ಇದಕ್ಕಿಂತ ಹದ ಬೇರಿಲ್ಲ. ಮೊದಲ ಸುಳಿವು ಆರ್‌ಪಿಎಂ ಮೆಲ್ಲಗೆ ಕುಸಿಯುವುದು. ಬಿಸಿಗಾಳಿಯ ಗುಂಡಿಯನ್ನು ಪೂರ್ತಿ ಎಳೆಯಿರಿ. ಕರಗಿದ ನೀರು ಎಂಜಿನ್‌ಗೆ ಹೋಗಿ ಒಂದಷ್ಟು ಹೊತ್ತು ಕೆಮ್ಮಿದಂತಾಗುತ್ತದೆ. ಗಾಬರಿಯಿಂದ ಗುಂಡಿಯನ್ನು ವಾಪಸ್ ತಳ್ಳುವುದೇ ತಪ್ಪು, ಕೆಮ್ಮು ನಿಲ್ಲುವವರೆಗೆ ಹಾಗೇ ಬಿಡಿ.

ಮರಳುವ ದಾರಿಯಲ್ಲಿ 4,393 ಅಡಿಯ ಮ್ಯಾನ್ಸ್‌ಫೀಲ್ಡ್ ಅನ್ನು ಬಲಕ್ಕಿಟ್ಟುಕೊಂಡು 100ನೇ ನಂಬರಿನ ರಸ್ತೆಯ ಗುಂಟ ದಕ್ಷಿಣಕ್ಕೆ. ಹೊಲ, ಬಿಳಿ ಚರ್ಚು, ಮೇಪಲ್ ತೋಪು ಎಂದು ಚಿತ್ರ ಬದಲಾಗುತ್ತದೆ. ವಾರೆನ್ ಊರಿನ ಹತ್ತಿರ ಎಂಜಿನ್ ಇಲ್ಲದೆ ತೇಲುವ ಗ್ಲೈಡರ್‌ಗಳಿರುತ್ತವೆ. ಸದ್ದಿಲ್ಲ, ಬಿಳಿ ಮೈ, ಮೋಡದ ಹಿನ್ನೆಲೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ವಾರಾಂತ್ಯದಲ್ಲಿ ನಿಮ್ಮಂತೆಯೇ ಎಲೆ ನೋಡುತ್ತ ಕೆಳಗೆ ದೃಷ್ಟಿ ನೆಟ್ಟ ವಿಮಾನಗಳೂ ಹಲವು. ಪ್ರಯಾಣಿಕರಿಗೆ ಒಂದೊಂದು ದಿಕ್ಕು ಹಂಚಿಕೊಡಿ, ಬೇರೆ ವಿಮಾನ ಕಂಡರೆ ಮಾತಿನ ನಡುವೆಯೂ ಹೇಳಲಿ. ನ್ಯೂ ಹ್ಯಾಂಪ್‌ಶೈರ್‌ನದೇ ಊರಾದ ಲೆಬನಾನ್‌ನ ನಿಲ್ದಾಣಕ್ಕೆ ಕಂಟ್ರೋಲ್ ಟವರ್ ಇದೆ, ಅದರ ವಲಯಕ್ಕೆ ಹೋಗುವ ಮೊದಲು ರೇಡಿಯೊದಲ್ಲಿ ಮಾತಾಡಿ. ಅಲ್ಲಿಂದ ಪೂರ್ವಕ್ಕೆ ಸುಮಾರು 38 ನಾಟಿಕಲ್ ಮೈಲಿ ಲಕೋನಿಯಾ.

ಅಕ್ಟೋಬರ್‌ನಲ್ಲಿ ಸಂಜೆ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಐದರ ಮೇಲೆ ಬಂದರೆ, ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ, ಇಳಿಯಬೇಕಾದ್ದು ಪಶ್ಚಿಮಕ್ಕೆ ಮುಖ ಮಾಡಿ, ಸೂರ್ಯ ಸರಿಯಾಗಿ ರನ್‌ವೇಯ ತುದಿಯಲ್ಲಿ. ಬೆಳಿಗ್ಗೆ ಲೆಕ್ಕಕ್ಕೆ ಬಾರದಿದ್ದ ಮುಂಗಾಜಿನ ಮೇಲಿನ ಹುಳುಗಳ ಕಲೆ, ಒರಟು ಬಟ್ಟೆಯ ಗೀರು ಎಲ್ಲ ಈಗ ಹೊತ್ತಿಕೊಂಡು ಇಡೀ ಗಾಜು ಚಿನ್ನದ ಪರದೆಯಾಗುತ್ತದೆ, ರನ್‌ವೇ ಕಾಣೆ. ಮೆತ್ತನೆ ಬಟ್ಟೆ ಮತ್ತು ನೀರಿನಿಂದ ಗಾಜನ್ನು ಮೇಲಿಂದ ಕೆಳಕ್ಕೆ ಒರೆಸುವ ಕೆಲಸವನ್ನು ಮಾರಿಸ್ವಿಲ್‌ನಲ್ಲಿ ಇಳಿದಾಗಲೇ ಮುಗಿಸಿರಬೇಕು. ನಾಲ್ಕೂವರೆಗೆ ಚಕ್ರ ನೆಲ ಮುಟ್ಟುವಂತೆ ಹೊರಟರೆ ಇನ್ನೂ ಒಳ್ಳೆಯದು.